ಕೇಳಿಸಿಕೊಂಡು ಬರೆದ ವ್ಯಾಕರಣ

ಆರನೇ ಸೆಮಿಸ್ಟರ್ ಶುರುವಾಯಿತೆಂದರೆ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹಾಸ್ಟೆಲ್ ಕೋಣೆಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಡೇಟಾ ಸ್ಟ್ರಕ್ಚರ್, ಆಪ್ಟಿಟ್ಯೂಡ್ ಪುಸ್ತಕಗಳ ಪಕ್ಕದಲ್ಲಿ, ಹೈಸ್ಕೂಲಿಗೇ ಕೈಮುಗಿದು ಬಂದಿದ್ದ ಇಂಗ್ಲಿಷ್ ವ್ಯಾಕರಣದ ಪುಸ್ತಕವೂ ಬಂದು ಕೂರುತ್ತದೆ. ರಾತ್ರಿಯಿಡೀ ಕೂತು ಕೋಡ್ ಬರೆಯುವ ಹುಡುಗ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಎಂಬ ನಾಲ್ಕು ಪದಗಳಿಗೆ ಬೆವರುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಗ್ರೂಪ್ ಡಿಸ್ಕಷನ್‌ನಲ್ಲಿ ಎಲ್ಲರಿಗಿಂತ ಒಳ್ಳೆಯ ಅಂಶ ಹೊಳೆದಿದ್ದರೂ ಬಾಯಿ ಬಿಡುವುದಿಲ್ಲ. 'ಮಗಾ, ಇದು ಗ್ರಾಮರ್ ಪ್ರಕಾರ ಸರೀನಾ?' ಎನ್ನುವುದು ಪ್ಲೇಸ್‌ಮೆಂಟ್ ಸೀಸನ್ನಿನ ರಾಷ್ಟ್ರೀಯ ಪ್ರಶ್ನೆ.

ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಸರಿ ಅಥವಾ ತಪ್ಪು ಎಂದು ತೀರ್ಮಾನ ಮಾಡುವವರು ಯಾರು? ಲಂಡನ್ನಿನಲ್ಲಿ ಎಲ್ಲೋ ಒಂದು ಕಚೇರಿ ಇದೆ, ಅಲ್ಲಿ ಕೂತವರು ಇಂಗ್ಲಿಷಿನ ನಿಯಮಗಳನ್ನು ಹೊರಡಿಸುತ್ತಾರೆ ಎಂಬಂತೆ ನಾವು ಹೆದರುತ್ತೇವೆ. ಫ್ರೆಂಚ್ ಭಾಷೆಗೆ ಅಂಥದ್ದೊಂದು ಅಕಾಡೆಮಿ 1635ರಿಂದಲೂ ಇದೆ. ಇಂಗ್ಲಿಷಿಗೆ ಇಲ್ಲ. ಹಾಗಾದರೆ ಇಂಗ್ಲಿಷ್ ವ್ಯಾಕರಣದ ಪುಸ್ತಕ ಬರೆಯುವವರು ನಿಯಮಗಳನ್ನು ಎಲ್ಲಿಂದ ತರುತ್ತಾರೆ?

ಇದಕ್ಕೆ ಉತ್ತರ ಹುಡುಕುತ್ತಾ ಹೊರಟ ನನಗೆ ಸಿಕ್ಕ ಹೆಸರು ರ‍್ಯಾಂಡಾಲ್ಫ್ ಕ್ವರ್ಕ್. ಹುಡುಕಾಟ ಶುರುವಾಗಿದ್ದು ಕಂಪ್ಯೂಟರ್ ಲ್ಯಾಬಿನಲ್ಲಿ. ಭಾಷೆಯನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ ವಿಷಯವನ್ನು ಐಚ್ಛಿಕವಾಗಿ ಆಯ್ದುಕೊಂಡವರಿಗೆ ಗೊತ್ತಿರುತ್ತದೆ, ಪೈಥಾನ್‌ನಲ್ಲಿ ಮೊದಲು ಮಾಡಿಸುವ ಅಭ್ಯಾಸಗಳಲ್ಲಿ 'ಬ್ರೌನ್ ಕಾರ್ಪಸ್' ಇಳಿಸಿಕೊಂಡು ಪದಗಳನ್ನು ಎಣಿಸುವುದೂ ಒಂದು. ಕಾರ್ಪಸ್ ಎಂದರೆ ಜನ ನಿಜವಾಗಿ ಬಳಸಿದ ಭಾಷೆಯ ಮಾದರಿಗಳನ್ನು ಒಂದೆಡೆ ಕೂಡಿಟ್ಟ ಕಣಜ. ಬ್ರೌನ್ ಕಾರ್ಪಸ್‌ನಲ್ಲಿರುವುದು 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳ 500 ತುಣುಕುಗಳು, ಒಟ್ಟು ಸುಮಾರು 10 ಲಕ್ಷ ಪದಗಳು. ಇದಕ್ಕೂ ಎರಡು ವರ್ಷ ಮೊದಲು, ಕಂಪ್ಯೂಟರಿನ ನೆರವಿಲ್ಲದೆ, ಬರೀ ಕಾಗದದ ಚೀಟಿ ಮತ್ತು ಟೇಪ್ ರೆಕಾರ್ಡರ್ ನಂಬಿ ಇಂಥದ್ದೇ ಕಣಜ ಕಟ್ಟಲು ಹೊರಟವರು ಕ್ವರ್ಕ್.

ಸ್ಫೋಟಕದಿಂದ ಭಾಷೆಗೆ

ಕ್ವರ್ಕ್ ಹುಟ್ಟಿದ್ದು 1920ರ ಜುಲೈ 12ರಂದು, ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ರೈತ ಕುಟುಂಬದಲ್ಲಿ. ಆ ದ್ವೀಪಕ್ಕೆ ಮ್ಯಾಂಕ್ಸ್ ಎಂಬ ಸ್ವಂತ ಭಾಷೆಯಿತ್ತು. ಕ್ವರ್ಕ್ ಬೆಳೆಯುವ ಹೊತ್ತಿಗೆ ಅದನ್ನು ತಾಯ್ನುಡಿಯಾಗಿ ಆಡುವ ಕೆಲವೇ ಮುದುಕರು ಉಳಿದಿದ್ದರು. 1974ರಲ್ಲಿ ಅವರಲ್ಲಿ ಕೊನೆಯವರೂ ತೀರಿಕೊಂಡರು. ಇಂಗ್ಲಿಷಿನ ದೊಡ್ಡ ವಿದ್ವಾಂಸರೊಬ್ಬರು ಬೆಳೆದ ನೆಲದಲ್ಲೇ ಇಂಗ್ಲಿಷಿನ ಎದುರು ಇನ್ನೊಂದು ಭಾಷೆ ಸೋತಿತ್ತು.

1939ರಲ್ಲಿ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಇಂಗ್ಲಿಷ್ ಓದಲು ಸೇರಿದರು. ಅದೇ ವರ್ಷ ಎರಡನೇ ಮಹಾಯುದ್ಧ ಶುರುವಾಗಿ ಇಡೀ ವಿಭಾಗ ವೇಲ್ಸ್‌ನ ಅಬರಿಸ್ಟ್ವಿತ್ ಎಂಬ ಊರಿಗೆ ಸ್ಥಳಾಂತರವಾಯಿತು. 1940ರಿಂದ ಐದು ವರ್ಷ ಓದು ನಿಂತೇಹೋಯಿತು, ಅವರು ಬ್ರಿಟನ್ನಿನ ವಾಯುಪಡೆಯ ಬಾಂಬರ್ ಕಮಾಂಡ್ ಸೇರಿದರು. ಅಲ್ಲಿ ಸ್ಫೋಟಕಗಳ ಬಗ್ಗೆ ಎಷ್ಟು ಆಸಕ್ತಿ ಹುಟ್ಟಿತೆಂದರೆ, ರಸಾಯನಶಾಸ್ತ್ರದ ಪದವಿಗೆ ಬಾಹ್ಯ ವಿದ್ಯಾರ್ಥಿಯಾಗಿ ಓದಲು ಶುರುಮಾಡಿದರು. ಯುದ್ಧ ಮುಗಿದ ಮೇಲೆ ಇಂಗ್ಲಿಷಿಗೇ ಮರಳಿ, 1947ರಲ್ಲಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. 'ಒಂದು ವರ್ಷ ಗ್ಯಾಪ್ ಬಂದರೆ ರೆಸ್ಯೂಮೆ ಕೆಟ್ಟುಹೋಯಿತು' ಎಂದು ಕೊರಗುವ ನಾವು ಇದನ್ನು ನೆನಪಿಟ್ಟುಕೊಳ್ಳಬಹುದು. ಇವರ ರೆಸ್ಯೂಮೆಯಲ್ಲಿ ಐದು ವರ್ಷದ ಗ್ಯಾಪ್ ಇತ್ತು, ಮಧ್ಯದಲ್ಲಿ ವಿಷಯವೂ ಬದಲಾಗಿತ್ತು.

ಅವರ ಮೊದಲ ಸಂಶೋಧನೆ ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷ್ ಕಾವ್ಯದ ಮೇಲೆ. ಹಳಗನ್ನಡದಲ್ಲಿ ಪಿಎಚ್.ಡಿ. ಮಾಡಿದಂತೆ ಎನ್ನಿ. ಅಲ್ಲಿಂದ ಜೀವಂತ ಮಾತಿನ ಕಡೆಗೆ ಅವರು ಹೊರಳಿಕೊಂಡದ್ದೇ ಒಂದು ತಿರುವು. 1951–52ರಲ್ಲಿ ಫೆಲೋಶಿಪ್ ಪಡೆದು ಅವರು ಅಮೆರಿಕದ ಯೇಲ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳಲ್ಲಿದ್ದರು. ಅದೇ ಮಿಷಿಗನ್‌ನ ಚಾರ್ಲ್ಸ್ ಫ್ರೈಸ್ ಎಂಬ ಪ್ರಾಧ್ಯಾಪಕರು ದೂರವಾಣಿ ಸಂಭಾಷಣೆಗಳನ್ನು ಧ್ವನಿಮುದ್ರಿಸಿಕೊಂಡು, ಅವುಗಳ ಆಧಾರದ ಮೇಲೆ ಇಂಗ್ಲಿಷ್ ವಾಕ್ಯರಚನೆಯನ್ನು ವಿವರಿಸಿದ ಪುಸ್ತಕವನ್ನು 1952ರಲ್ಲಿ ಪ್ರಕಟಿಸಿದರು. ವ್ಯಾಕರಣಕ್ಕೆ ಆಧಾರ ಜನರ ಬಾಯಲ್ಲಿದೆ ಎಂಬ ಯೋಚನೆ ಆ ಕಾಲದ ಗಾಳಿಯಲ್ಲಿತ್ತು.

ಹತ್ತು ಲಕ್ಷ ಪದಗಳ ಚೀಟಿಗಳು

ಅದಕ್ಕೂ ಹಿಂದಿನ ಇಂಗ್ಲಿಷ್ ವ್ಯಾಕರಣಗಳು ಬಹುಪಾಲು ಹೇಗಿದ್ದವು? 18ನೇ ಶತಮಾನದ ವ್ಯಾಕರಣಕಾರರಿಗೆ ಲ್ಯಾಟಿನ್ ಭಾಷೆಯೇ ಮಾದರಿ. ಲ್ಯಾಟಿನ್‌ನಲ್ಲಿ ಹೀಗಿದೆ, ಆದ್ದರಿಂದ ಇಂಗ್ಲಿಷಿನಲ್ಲೂ ಹೀಗಿರಬೇಕು ಎಂಬುದು ಹಲವು ನಿಯಮಗಳ ಹಿಂದಿದ್ದ ತರ್ಕ. ಬಾಗಿಲು ತಟ್ಟಿದಾಗ ಒಳಗಿನವರು ಯಾರೆಂದು ಕೇಳಿದರೆ 'ಇಟ್ ಈಸ್ ಐ' ಎನ್ನಬೇಕಂತೆ. 'ಇಟ್ಸ್ ಮಿ' ಎಂದರೆ ತಪ್ಪಂತೆ. ಆದರೆ ಬಾಗಿಲಾಚೆ ನಿಂತ ಇಂಗ್ಲಿಷರು ಸಾಮಾನ್ಯವಾಗಿ ಹೇಳುವುದು 'ಇಟ್ಸ್ ಮಿ' ಎಂದೇ. ಪುಸ್ತಕ ಒಂದು ಹೇಳುತ್ತಿತ್ತು, ಜನ ಇನ್ನೊಂದು ಆಡುತ್ತಿದ್ದರು. ತಪ್ಪು ಯಾರದ್ದು?

ಕ್ವರ್ಕ್ ಈ ಪ್ರಶ್ನೆಯನ್ನು ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ 'ಮೊದಲು ಅಳತೆ, ಆಮೇಲೆ ಸೂತ್ರ' ಎಂಬ ಕ್ರಮಕ್ಕೆ ತಂದರು. 1959ರಲ್ಲಿ ಡರಂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ 'ಸರ್ವೆ ಆಫ್ ಇಂಗ್ಲಿಷ್ ಯೂಸೇಜ್' ಎಂಬ ಯೋಜನೆ ಆರಂಭಿಸಿದರು. ಮರುವರ್ಷ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಮರಳಿದಾಗ ಯೋಜನೆಯೂ ಜತೆಗೇ ಬಂತು.

ಗುರಿ ಸರಳ, ಕೆಲಸ ರಾಕ್ಷಸ. ವಿದ್ಯಾವಂತ ಬ್ರಿಟಿಷರು ನಿಜಕ್ಕೂ ಹೇಗೆ ಮಾತಾಡುತ್ತಾರೆ, ಹೇಗೆ ಬರೆಯುತ್ತಾರೆ ಎಂಬುದರ 200 ಮಾದರಿಗಳು, ಒಂದೊಂದರಲ್ಲೂ 5,000 ಪದಗಳು. ಲೆಕ್ಕ ಹಾಕಿದರೆ 10 ಲಕ್ಷ ಪದಗಳು. ಇದರಲ್ಲಿ ಅರ್ಧ ಬರಹ, ಅರ್ಧ ಮಾತು. ಅಚ್ಚಾದ ಪುಸ್ತಕಗಳ ಜತೆಗೆ ಖಾಸಗಿ ಪತ್ರಗಳೂ ಬೇಕು. ಉಪನ್ಯಾಸ, ರೇಡಿಯೊ ವೀಕ್ಷಕ ವಿವರಣೆಗಳ ಜತೆಗೆ ಗೆಳೆಯರ ಹರಟೆ, ಫೋನ್ ಮಾತೂ ಬೇಕು. ಮೈಕ್ ಕಂಡ ಕೂಡಲೇ ನಮ್ಮ ಮಾತು ಬಿಗಿಯಾಗುತ್ತದಲ್ಲ, ಹಾಗಾಗಬಾರದೆಂದು ಕೆಲವು ಸಂಭಾಷಣೆಗಳನ್ನು ಮಾತಾಡುವವರಿಗೆ ತಿಳಿಯದಂತೆ ಧ್ವನಿಮುದ್ರಿಸಲಾಯಿತು. ಇಂದಾದರೆ ಹಾಗೆ ಮಾಡಲು ಯಾವ ವಿಶ್ವವಿದ್ಯಾಲಯವೂ ಸುಲಭವಾಗಿ ಒಪ್ಪದು.

ಧ್ವನಿಮುದ್ರಿಸಿದರೆ ಮುಗಿಯಲಿಲ್ಲ. ಟೇಪನ್ನು ಮತ್ತೆ ಮತ್ತೆ ತಿರುಗಿಸಿ ಕೇಳಿ ಒಂದೊಂದು ಪದವನ್ನೂ ಬರೆಯಬೇಕು. ಎಲ್ಲಿ ದನಿ ಏರಿತು, ಎಲ್ಲಿ ಇಳಿಯಿತು, ಎಲ್ಲಿ ಉಸಿರಿಗೆ ನಿಂತರು ಎಂಬುದಕ್ಕೂ ಗುರುತು ಹಾಕಬೇಕು. ಆಮೇಲೆ ಆ ಪಠ್ಯವನ್ನು ಚೀಟಿಗಳಲ್ಲಿ ಟೈಪ್ ಮಾಡಿ, ಪ್ರತಿ ವ್ಯಾಕರಣಾಂಶಕ್ಕೆ ಅಡಿಗೆರೆ ಎಳೆದು, ಅದದರ ಖಾನೆಗೆ ಸೇರಿಸಬೇಕು. ಒಂದು ಕ್ರಿಯಾಪದದ ಬಳಕೆ ನೋಡಬೇಕೆಂದರೆ ಎದ್ದು ಹೋಗಿ ಬೀರುವಿನ ಆ ಡ್ರಾ ಎಳೆಯಬೇಕು. ನಾವು ಕಂಟ್ರೋಲ್ ಎಫ್ ಒತ್ತಿ ಅರೆಕ್ಷಣದಲ್ಲಿ ಮಾಡುವ ಕೆಲಸ ಅದು. ಆ ಬೀರುಗಳನ್ನು ಬಳಸಿಕೊಳ್ಳಲು ಬೇರೆ ದೇಶಗಳ ವಿದ್ವಾಂಸರು ಲಂಡನ್ನಿಗೇ ಬರಬೇಕಾಗಿತ್ತು.

ಒಮ್ಮೆ ಸುಮ್ಮನೆ ಲೆಕ್ಕ ಹಾಕಿದೆ. ಒಂದು ಪದಕ್ಕೆ ಸರಾಸರಿ ಐದು ಅಕ್ಷರ, ಒಂದು ಖಾಲಿ ಜಾಗ ಎಂದುಕೊಂಡರೆ 10 ಲಕ್ಷ ಪದಗಳಿಗೆ ಬೇಕಾಗುವುದು ಸುಮಾರು 6 ಎಂಬಿ. ನಮ್ಮ ಮೊಬೈಲಿನಲ್ಲಿ ಒಂದೆರಡು ಫೋಟೊ ಹಿಡಿಸುವ ಜಾಗ. ಅಷ್ಟನ್ನು ಕೂಡಿಸಲು ಅವರಿಗೆ ದಶಕಗಳೇ ಬೇಕಾದವು. ಕಣಜದ ಕೊನೆಯ ಮಾದರಿಗಳು 1980ರ ದಶಕದವು.

ಈ ಕೆಲಸ ಆಗಿನ ಫ್ಯಾಷನ್ನಿಗೆ ವಿರುದ್ಧವಾಗಿತ್ತು. ಸರ್ವೆ ಶುರುವಾಗುವ ಎರಡು ವರ್ಷ ಮೊದಲು, 1957ರಲ್ಲಿ, ನೋಮ್ ಚಾಮ್‌ಸ್ಕಿ ಅವರ ಹೊಸ ಸಿದ್ಧಾಂತದ ಪುಸ್ತಕ ಬಂದು ಭಾಷಾವಿಜ್ಞಾನದ ದಿಕ್ಕೇ ಬದಲಾಗಿತ್ತು. ಎಷ್ಟೇ ಮಾದರಿ ಕೂಡಿಸಿದರೂ ಅದು ಭಾಷೆಯ ಒಂದು ತುಣುಕು ಮಾತ್ರ, ಭಾಷೆ ಬಲ್ಲವನ ಮನಸ್ಸಿನೊಳಗಿನ ಜ್ಞಾನವೇ ಮುಖ್ಯ ಎಂಬುದು ಅವರ ವಾದ. ಈ ಟೀಕೆಯಲ್ಲಿ ಹುರುಳಿತ್ತು. ಹತ್ತು ಲಕ್ಷ ಪದಗಳಲ್ಲಿ ಒಂದು ರಚನೆ ಕಾಣಲಿಲ್ಲ ಎಂದಮಾತ್ರಕ್ಕೆ ಅದು ಭಾಷೆಯಲ್ಲೇ ಇಲ್ಲ ಎನ್ನಲಾಗದು. ಕ್ವರ್ಕ್ ಮತ್ತು ಅವರ ಸ್ವೀಡಿಷ್ ಸಹೋದ್ಯೋಗಿ ಯಾನ್ ಸ್ವಾರ್ಟ್‌ವಿಕ್ ಇದಕ್ಕೊಂದು ದಾರಿ ಹುಡುಕಿ 1966ರಲ್ಲಿ ಪ್ರಕಟಿಸಿದರು. ಜನರಿಗೆ 'ಈ ವಾಕ್ಯ ಸರಿಯೇ?' ಎಂದು ನೇರವಾಗಿ ಕೇಳಿದರೆ ಅವರು ಶಾಲೆಯಲ್ಲಿ ಕಲಿತ ಉತ್ತರ ಒಪ್ಪಿಸಿಬಿಡುತ್ತಾರೆ. ಅದರ ಬದಲು ಒಂದು ವಾಕ್ಯ ಕೊಟ್ಟು 'ಇದನ್ನು ಪ್ರಶ್ನೆಯಾಗಿಸಿ' ಎನ್ನುವುದು. ಬದಲಾಯಿಸುವಾಗ ಅವರು ಎಲ್ಲಿ ತಡವರಿಸಿದರು, ಕೇಳದೆಯೇ ಯಾವ ಪದ ತಿದ್ದಿದರು ಎಂದು ನೋಡುವುದು. ಅಭಿಪ್ರಾಯ ಕೇಳುವುದಕ್ಕಿಂತ ನಡವಳಿಕೆ ಗಮನಿಸುವುದು ಮೇಲು ಎಂಬ ಈ ಜಾಣತನವನ್ನು ಆ್ಯಪ್ ವಿನ್ಯಾಸ ಮಾಡುವವರು ಇಂದು 'ಯೂಸರ್ ಟೆಸ್ಟಿಂಗ್' ಎಂದು ಕರೆಯುತ್ತಾರೆ.

ನಾಲ್ವರ ದಪ್ಪ ಪುಸ್ತಕ

ಸರ್ವೆಯ ಫಲ ಎರಡು ಮಹಾಗ್ರಂಥಗಳಾಗಿ ಬಂತು. 1972ರಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳ 'ಎ ಗ್ರಾಮರ್ ಆಫ್ ಕಂಟೆಂಪರರಿ ಇಂಗ್ಲಿಷ್', 1985ರಲ್ಲಿ 1,779 ಪುಟಗಳ 'ಎ ಕಾಂಪ್ರಿಹೆನ್ಸಿವ್ ಗ್ರಾಮರ್ ಆಫ್ ದಿ ಇಂಗ್ಲಿಷ್ ಲ್ಯಾಂಗ್ವೇಜ್'. ಎರಡಕ್ಕೂ ಲೇಖಕರು ನಾಲ್ವರು: ಕ್ವರ್ಕ್, ಸಿಡ್ನಿ ಗ್ರೀನ್‌ಬಾಮ್, ಜೆಫ್ರಿ ಲೀಚ್ ಮತ್ತು ಸ್ವಾರ್ಟ್‌ವಿಕ್. ಈ ನಾಲ್ವರಲ್ಲಿ ಒಬ್ಬರಿಗೆ, ಸ್ವೀಡನ್ನಿನ ಸ್ವಾರ್ಟ್‌ವಿಕ್ ಅವರಿಗೆ, ಇಂಗ್ಲಿಷ್ ತಾಯ್ನುಡಿಯಲ್ಲ. ಜಗತ್ತು ಪ್ರಮಾಣವೆಂದು ನೋಡುವ ಇಂಗ್ಲಿಷ್ ವ್ಯಾಕರಣದ ಕಾಲು ಭಾಗದ ಹೊಣೆ ನಮ್ಮ ನಿಮ್ಮಂತೆ ಇಂಗ್ಲಿಷನ್ನು ಕಲಿತವರೊಬ್ಬರದ್ದು. ಇಂಟರ್‌ವ್ಯೂಗೆ ಹೋಗುವ ಮುನ್ನ ಇದನ್ನು ನೆನೆಸಿಕೊಂಡರೆ ನನಗಂತೂ ಧೈರ್ಯ ಬರುತ್ತದೆ.

ಎರಡನೇ ಗ್ರಂಥದ ಪದಸೂಚಿಯನ್ನು ಸಿದ್ಧಪಡಿಸಿದವರು ಡೇವಿಡ್ ಕ್ರಿಸ್ಟಲ್. ಇಂದು ಇಂಗ್ಲಿಷ್ ಭಾಷೆಯ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆಯುವವರಲ್ಲಿ ಅವರದು ಬಹು ದೊಡ್ಡ ಹೆಸರು. 1960ರ ದಶಕದ ಆರಂಭದಲ್ಲಿ ಇದೇ ಸರ್ವೆಯಲ್ಲಿ ಅವರು ಸಂಶೋಧನಾ ಸಹಾಯಕರಾಗಿದ್ದರು. ಕ್ವರ್ಕ್ ಪುಸ್ತಕಗಳ ಜತೆಗೆ ಜನರನ್ನೂ ಬೆಳೆಸಿದರು.

ಈ ದಪ್ಪ ಪುಸ್ತಕಗಳನ್ನು ನಮ್ಮಲ್ಲಿ ಬಹಳ ಮಂದಿ ಓದಿರಲಾರರು. ಆದರೂ ಅವುಗಳ ನೀರು ನಮ್ಮ ಹೊಲಕ್ಕೂ ಹರಿದಿದೆ. ಅದನ್ನು ಚಿಕ್ಕದಾಗಿಸಿ 1973ರಲ್ಲಿ ತಂದ 'ಎ ಯೂನಿವರ್ಸಿಟಿ ಗ್ರಾಮರ್ ಆಫ್ ಇಂಗ್ಲಿಷ್' ನಮ್ಮ ದೇಶದ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗೆ ಪರಿಚಿತ ಪುಸ್ತಕ. 1978ರಲ್ಲಿ ಬಂದ ಲಾಂಗ್‌ಮನ್ ಕಲಿಕಾರ್ಥಿಗಳ ನಿಘಂಟಿನ ಬೆನ್ನಿಗೂ ಇದೇ ವ್ಯಾಕರಣವಿತ್ತು. ಸುಮಾರು 2,000 ಸರಳ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ವಿವರಿಸುವ ಆ ನಿಘಂಟು, ಒಂದು ಪದದ ಅರ್ಥ ನೋಡಲು ಹೋಗಿ ಇನ್ನೂ ಐದು ಪದಗಳ ಅರ್ಥ ಹುಡುಕುವ ಗೋಳಿನಿಂದ ಎಷ್ಟೋ ವಿದ್ಯಾರ್ಥಿಗಳನ್ನು ಪಾರು ಮಾಡಿದೆ.

ಗ್ರಂಥದೊಳಗಿನ ಧೋರಣೆ ಹೇಗಿದೆ? 'ಇಟ್ಸ್ ಮಿ' ಆಡುಮಾತಿನಲ್ಲಿ ಸಹಜ, 'ಇಟ್ ಈಸ್ ಐ' ಬಹಳ ಔಪಚಾರಿಕ ಎಂದು ಅದು ತಿಳಿಸುತ್ತದೆ. ಗದರಿಸುವುದಿಲ್ಲ. ಯಾರು, ಯಾರೊಂದಿಗೆ, ಯಾವ ಸಂದರ್ಭದಲ್ಲಿ ಆಡಿದರು ಎಂಬುದನ್ನು ಸೇರಿಸಿ ಹೇಳುತ್ತದೆ. ನಾಮಪದ, ಕ್ರಿಯಾಪದ, ವಿಶೇಷಣಗಳ ನಡುವಿನ ಗಡಿಗಳೂ ಹೊಲದ ಬದುವಿನಂತೆ ನೇರವಾಗಿಲ್ಲ, ಕೆಲವು ಪದಗಳು ಎರಡರ ನಡುವೆ ನಿಲ್ಲುತ್ತವೆ ಎಂದು ಒಪ್ಪಿಕೊಳ್ಳುತ್ತದೆ. ಗ್ರಂಥಕ್ಕೆ ಟೀಕೆಗಳೂ ಬಂದವು. ಅದರ ವಿಶ್ಲೇಷಣೆಯನ್ನು ಕಟುವಾಗಿ ವಿಮರ್ಶಿಸಿದ ರಾಡ್ನಿ ಹಡಲ್‌ಸ್ಟನ್ ಅವರೇ ಮುಂದೆ ಜೆಫ್ರಿ ಪುಲಂ ಜತೆ ಸೇರಿ 2002ರಲ್ಲಿ ಕೇಂಬ್ರಿಜ್‌ನಿಂದ ಇನ್ನೊಂದು ಬೃಹತ್ ವ್ಯಾಕರಣ ತಂದರು. ಒಳ್ಳೆಯ ಕೆಲಸಕ್ಕೆ ಸಿಗುವ ದೊಡ್ಡ ಮರ್ಯಾದೆ ಇದು: ಅದನ್ನು ಮೀರಿಸಲು ಯಾರೋ ವರ್ಷಗಟ್ಟಲೆ ದುಡಿಯುತ್ತಾರೆ.

ಹುದ್ದೆ, ಗೌರವಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ವರ್ಕ್ 1981ರಿಂದ 1985ರವರೆಗೆ ಲಂಡನ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಆಮೇಲೆ ಬ್ರಿಟಿಷ್ ಅಕಾಡೆಮಿಯ ಅಧ್ಯಕ್ಷರಾದರು. 1985ರಲ್ಲಿ ಸರ್ ಪದವಿ ಬಂತು, 1994ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆಯ ಸದಸ್ಯರಾದರು. 2017ರ ಡಿಸೆಂಬರ್ 20ರಂದು, 97ನೇ ವಯಸ್ಸಿನಲ್ಲಿ ತೀರಿಕೊಂಡರು.

'ಅಲ್ವಾ' ಸಾಕಲ್ವಾ?

ಕ್ವರ್ಕ್ ಅವರ ಒಂದು ಯೋಚನೆ ನನಗೆ ಬಹಳ ಇಷ್ಟ. ಶಾಲೆಯಲ್ಲಿ ನಮ್ಮನ್ನು ಗೋಳುಹೊಯ್ದುಕೊಂಡ 'ಕ್ವೆಶ್ಚನ್ ಟ್ಯಾಗ್' ನೆನಪಿದೆಯೇ? 'ಅವಳು ಬಂದಳು' ಎಂಬುದಕ್ಕೆ 'ಡಿಡಂಟ್ ಶಿ', 'ಅವರು ಬರುತ್ತಾರೆ' ಎಂಬುದಕ್ಕೆ 'ವೋಂಟ್ ದೇ', 'ನಿನಗೆ ಈಜು ಬರಲ್ಲ' ಎಂಬುದಕ್ಕೆ 'ಕ್ಯಾನ್ ಯು'. ಕಾಲ, ಲಿಂಗ, ವಚನ, ನಿಷೇಧ ಎಲ್ಲವನ್ನೂ ಅರೆಕ್ಷಣದಲ್ಲಿ ಲೆಕ್ಕಹಾಕಿ ಬಾಲ ಜೋಡಿಸಬೇಕು. ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಉತ್ತರ: 'ಅಲ್ವಾ?' ಅವಳು ಬಂದಳಲ್ವಾ, ಅವರು ಬರ್ತಾರಲ್ವಾ, ನಿಂಗೆ ಈಜು ಬರಲ್ಲ ಅಲ್ವಾ. ನಮ್ಮವರು ಇಂಗ್ಲಿಷಿನಲ್ಲೂ ಎಲ್ಲದಕ್ಕೂ 'ನೋ?' ಅಥವಾ 'ಈಸಂಟ್ ಇಟ್?' ಸೇರಿಸುವುದು ಇದೇ ಅಭ್ಯಾಸದಿಂದ ಇರಬೇಕು. ಮೇಷ್ಟ್ರು ಅದಕ್ಕೆ ಕೆಂಪು ಗೆರೆ ಎಳೆಯುತ್ತಾರೆ.

1981ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಕ್ವರ್ಕ್ 'ನ್ಯೂಕ್ಲಿಯರ್ ಇಂಗ್ಲಿಷ್' ಎಂಬ ಕಲ್ಪನೆ ಮುಂದಿಟ್ಟರು. ದೇಶದೇಶಗಳ ನಡುವಿನ ವ್ಯವಹಾರಕ್ಕಾಗಿ, ಇಂಗ್ಲಿಷಿನೊಳಗಿನಿಂದಲೇ ಕಲಿಯಲು ಸುಲಭವಾದ ಒಂದು ತಿರುಳನ್ನು ಆರಿಸಿಕೊಳ್ಳಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಅವರು ತೆಗೆದುಕೊಂಡ ಉದಾಹರಣೆಗಳಲ್ಲಿ ಒಂದು ಇದೇ ಬಾಲದ ಪ್ರಶ್ನೆ. ಫ್ರೆಂಚ್, ಜರ್ಮನ್ ಭಾಷೆಗಳು ಒಂದೇ ಬಾಲದಲ್ಲಿ ಕೆಲಸ ಮುಗಿಸುತ್ತವೆ. ಇಂಗ್ಲಿಷಿನಲ್ಲೂ 'ಈಸಂಟ್ ದಟ್ ರೈಟ್?' ಎಂಬ ಒಂದೇ ರೂಪದಿಂದ ಎಲ್ಲ ಕಡೆ ಸಾಗಿಸಬಹುದು ಎಂದು ಅವರು ತೋರಿಸಿದರು. ಅಂದರೆ ನಮ್ಮ 'ಅಲ್ವಾ' ಹಿಡಿದ ದಾರಿಯೇ. ಆ ಯೋಜನೆ ಜಾರಿಗೆ ಬರಲಿಲ್ಲ, ಅದು ಬೇರೆ ಮಾತು. ಇಂಗ್ಲಿಷಿನ ದೊಡ್ಡ ವ್ಯಾಕರಣಕಾರರೇ ಕಲಿಯುವವರ ಕಷ್ಟದ ಬದಿಗೆ ನಿಂತು ಯೋಚಿಸಿದ್ದರು ಎನ್ನುವುದು ದೊಡ್ಡದು.

ಕ್ವರ್ಕ್ ಎದುರು ಕಾಚ್ರು

ಇಷ್ಟು ಓದಿದವರಿಗೆ 'ಹಾಗಾದರೆ ಹೇಗೆ ಮಾತಾಡಿದರೂ ಸರಿ' ಎಂದು ಕ್ವರ್ಕ್ ಹೇಳಿರಬೇಕು ಅನ್ನಿಸಬಹುದು. ಹಾಗೆ ಹೇಳಲಿಲ್ಲ. ಅಲ್ಲಿಂದಲೇ ನಿಜವಾದ ಜಗಳ ಶುರುವಾಗಿದ್ದು.

ಎದುರು ನಿಂತವರು ಕಾಶ್ಮೀರದ ಶ್ರೀನಗರದಲ್ಲಿ ಹುಟ್ಟಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರಜ್ ಕಾಚ್ರು. ಇಂಗ್ಲಿಷ್ ಈಗ ಮೂರು ವೃತ್ತಗಳಲ್ಲಿ ಬದುಕುತ್ತಿದೆ ಎಂದು ವಿವರಿಸಿದವರು ಅವರು. ಒಳವೃತ್ತದಲ್ಲಿ ಬ್ರಿಟನ್, ಅಮೆರಿಕದಂಥ ದೇಶಗಳು. ಹೊರವೃತ್ತದಲ್ಲಿ ಭಾರತ, ನೈಜೀರಿಯ, ಸಿಂಗಪುರದಂಥವು. ಮೂರನೆಯದು ಹಿಗ್ಗುತ್ತಿರುವ ವೃತ್ತ, ಅದರಲ್ಲಿ ಜಪಾನ್, ಚೀನಾದಂಥವು. ಹೊರವೃತ್ತದವರ ಇಂಗ್ಲಿಷ್ ಅರೆಬೆಂದ ಬ್ರಿಟಿಷ್ ಇಂಗ್ಲಿಷ್ ಅಲ್ಲ, ತನ್ನದೇ ನಿಯಮಗಳಿರುವ ಇಂಗ್ಲಿಷ್ ಎಂಬುದು ಕಾಚ್ರು ನಿಲುವು. ಈ ವಾದ ಮಂಡಿಸಿದ ಅವರ ಪ್ರಸಿದ್ಧ ಪ್ರಬಂಧ ಅಚ್ಚಾಗಿದ್ದು 1985ರಲ್ಲಿ, ಸ್ವತಃ ಕ್ವರ್ಕ್ ಸಹ-ಸಂಪಾದಕರಾಗಿದ್ದ ಪುಸ್ತಕದಲ್ಲಿ!

1990ರಲ್ಲಿ 'ಇಂಗ್ಲಿಷ್ ಟುಡೇ' ನಿಯತಕಾಲಿಕೆಯಲ್ಲಿ ಕ್ವರ್ಕ್ ತಮ್ಮ ಆತಂಕ ಬರೆದರು. ಕಲಿಯುವವನು ಹಣ, ಸಮಯ ಎರಡನ್ನೂ ಸುರಿದು ಇಂಗ್ಲಿಷ್ ಕಲಿಯುವುದು ಮುಂದೆ ಬರಲಿಕ್ಕೆ. ಅವನಿಗೆ ಪ್ರಮಾಣ ಇಂಗ್ಲಿಷ್ ಕಲಿಸದೆ 'ನಿನ್ನದೂ ಒಂದು ಬಗೆಯ ಇಂಗ್ಲಿಷ್, ಅಷ್ಟು ಸಾಕು' ಎಂದು ಬೆನ್ನು ತಟ್ಟುವುದು ಮೋಸ. ಇದು ಅವರ ವಾದದ ಸಾರ. 1991ರಲ್ಲಿ ಅದೇ ಪತ್ರಿಕೆಯಲ್ಲಿ ಕಾಚ್ರು ಉತ್ತರಿಸಿದರು. ಭಾರತದಂಥ ಬಹುಭಾಷಾ ನಾಡಿನಲ್ಲಿ ಇಂಗ್ಲಿಷ್ ಯಾರ ಬಾಯಲ್ಲಿ, ಯಾರೊಂದಿಗೆ, ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬ ವಾಸ್ತವವನ್ನೇ ಈ ಆತಂಕ ನೋಡುವುದಿಲ್ಲ ಎಂಬುದು ಅವರ ಆಕ್ಷೇಪ.

ಈ ಜಗಳದಲ್ಲಿ ನಾನು ಯಾರ ಕಡೆ? ಪ್ಲೇಸ್‌ಮೆಂಟಿನ ಹೊಸ್ತಿಲಲ್ಲಿ ನಿಂತು ನೋಡಿದರೆ ಕ್ವರ್ಕ್ ಮಾತನ್ನು ತಳ್ಳಿಹಾಕಲು ನನಗಾಗದು. ಹಳ್ಳಿಯ ಕನ್ನಡ ಶಾಲೆಯ ಹುಡುಗಿಗೆ 'ಹೇಗೆ ಮಾತಾಡಿದರೂ ನಡೆಯುತ್ತದೆ' ಎಂದು ಹೇಳುವುದು ಸುಲಭ. ಹಾಗೆ ಹೇಳುವವರ ಮಕ್ಕಳು ಮಾತ್ರ ಸಾಮಾನ್ಯವಾಗಿ ಒಳ್ಳೆಯ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುತ್ತಾರೆ. ಕೆಲಸ ಕೊಡುವವನು ಯಾವ ಇಂಗ್ಲಿಷ್ ನಿರೀಕ್ಷಿಸುತ್ತಾನೋ ಅದನ್ನು ಕಲಿಯುವ ಹಕ್ಕು ಆಕೆಗೂ ಇದೆ. ಆದರೆ ಕಾಚ್ರು ಮಾತೂ ಸುಳ್ಳಲ್ಲ. ಆ ಹುಡುಗಿ ನಾಳೆ ಮಾತಾಡುವುದು ಚೆನ್ನೈನ ಸಹೋದ್ಯೋಗಿಯ ಜತೆ, ಪುಣೆಯ ಮ್ಯಾನೇಜರ್ ಜತೆ. 'ಮೀಟಿಂಗ್ ಪ್ರಿಪೋನ್ ಆಗಿದೆ' ಎಂದರೆ ಅವರಿಬ್ಬರಿಗೂ ಅರ್ಥವಾಗುತ್ತದೆ. ಆ ಪದ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ.

ನನಗೆ ಕಾಡಿದ್ದು ಇನ್ನೊಂದು ಸಂಗತಿ. ಬ್ರಿಟಿಷರ ವಿಷಯದಲ್ಲಿ 'ಮೊದಲು ಕೇಳಿಸಿಕೊಳ್ಳಿ, ಆಮೇಲೆ ನಿಯಮ ಹೇಳಿ' ಎಂದ ಕ್ವರ್ಕ್, ನಮ್ಮ ವಿಷಯಕ್ಕೆ ಬಂದಾಗ ಅಷ್ಟು ಹೊತ್ತು ಕೇಳಿಸಿಕೊಂಡರೇ? ಕಾಚ್ರು ಆಕ್ಷೇಪದ ಮೊನೆ ಇದ್ದದ್ದು ಅಲ್ಲೇ ಅನ್ನಿಸುತ್ತದೆ.

ಕೊಲ್ಹಾಪುರದ ಕಣಜ

ಇದಕ್ಕೆ ಉತ್ತರ ನಮ್ಮ ಗಡಿಯ ಪಕ್ಕದಲ್ಲೇ ಸಿದ್ಧವಾಗಿತ್ತು. ಬೆಳಗಾವಿಯಿಂದ ಎರಡು ಮೂರು ಗಂಟೆಯ ಬಸ್ ದಾರಿಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಎಸ್.ವಿ. ಶಾಸ್ತ್ರಿ ಮತ್ತು ಸಂಗಡಿಗರು ಭಾರತೀಯ ಇಂಗ್ಲಿಷಿನ ಕಾರ್ಪಸ್ ಕಟ್ಟಿದರು. 1978ರಲ್ಲಿ ಭಾರತದಲ್ಲಿ ಅಚ್ಚಾದ ಬರಹಗಳ 10 ಲಕ್ಷ ಪದಗಳು, ಬ್ರೌನ್ ಕಾರ್ಪಸ್‌ನ ಅಳತೆಯಲ್ಲೇ. ಅದು ಪೂರ್ಣಗೊಂಡಿದ್ದು 1986ರಲ್ಲಿ, ಕ್ವರ್ಕ್–ಕಾಚ್ರು ಜಗಳಕ್ಕಿಂತ ಮೊದಲೇ. ಭಾರತೀಯ ಇಂಗ್ಲಿಷ್ ಹೀಗಿದೆ, ಹಾಗಿದೆ ಎಂದು ಊಹಿಸುವ ಬದಲು ತೆರೆದು ಎಣಿಸಬಹುದಾದ ಸಾಕ್ಷ್ಯ ಸಿಕ್ಕಿತು. 'ಐ ಆ್ಯಮ್ ನೋಯಿಂಗ್' ಎಂದು ಸಿನಿಮಾಗಳಲ್ಲಿ ನಮ್ಮನ್ನು ಅಣಕಿಸುತ್ತಾರಲ್ಲ, ನಮ್ಮ ಪತ್ರಿಕೆ, ಪುಸ್ತಕಗಳಲ್ಲಿ ಅದು ನಿಜಕ್ಕೂ ಎಷ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು.

ಮುಂದಿನ ಹೆಜ್ಜೆ ಬಂದದ್ದು ಕ್ವರ್ಕ್ ಕಟ್ಟಿದ ಸರ್ವೆಯಿಂದಲೇ. ಅವರ ನಂತರ ಅದರ ಹೊಣೆ ಹೊತ್ತ ಗ್ರೀನ್‌ಬಾಮ್ 1988ರಲ್ಲಿ 'ಇಂಟರ್‌ನ್ಯಾಷನಲ್ ಕಾರ್ಪಸ್ ಆಫ್ ಇಂಗ್ಲಿಷ್' ಎಂಬ ಯೋಜನೆ ಪ್ರಸ್ತಾಪಿಸಿದರು. ಬೇರೆ ಬೇರೆ ದೇಶಗಳ ಇಂಗ್ಲಿಷ್‌ಗಳಿಗೆ ಒಂದೇ ಅಳತೆ: ತಲಾ 500 ಮಾದರಿ, ಅದರಲ್ಲಿ 300 ಮಾತಿನವು, 200 ಬರಹದವು. ಬ್ರಿಟನ್ನಿಗೆ ಎಷ್ಟು ಜಾಗವೋ ಭಾರತಕ್ಕೂ ಅಷ್ಟೇ. ಭಾರತದ ಭಾಗದ ಕೆಲಸದಲ್ಲಿ ಶಾಸ್ತ್ರಿ ಅವರಿದ್ದರು. ಇತ್ತ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಸ್ವಾರ್ಟ್‌ವಿಕ್ 1975ರಿಂದಲೇ ಲಂಡನ್ನಿನ ಬೀರುಗಳಲ್ಲಿದ್ದ ಮಾತಿನ ಭಾಗವನ್ನು ಕಂಪ್ಯೂಟರಿಗೆ ಏರಿಸಲು ಶುರುಮಾಡಿದ್ದರು. 'ಲಂಡನ್–ಲುಂಡ್ ಕಾರ್ಪಸ್' ಎಂಬ ಆ 5 ಲಕ್ಷ ಪದಗಳ ಸಂಗ್ರಹ ಬಹುಕಾಲ ಜಗತ್ತಿನ ಸಂಶೋಧಕರಿಗೆ ಆಡುಮಾತಿನ ಇಂಗ್ಲಿಷಿನ ಮುಖ್ಯ ಆಕರವಾಗಿತ್ತು.

ಕ್ವರ್ಕ್ ಅವರ ಪರಂಪರೆ ಎಂದರೆ ನನ್ನ ಮಟ್ಟಿಗೆ ಇದು. ಅವರು ಒಂದು ಅಭಿಪ್ರಾಯವನ್ನೂ ಬಿಟ್ಟುಹೋದರು, ಒಂದು ವಿಧಾನವನ್ನೂ ಬಿಟ್ಟುಹೋದರು. ಅಭಿಪ್ರಾಯದ ಬಗ್ಗೆ ಇಂದಿಗೂ ಜಗಳವಿದೆ. ವಿಧಾನ ಮಾತ್ರ ಅವರನ್ನೂ ದಾಟಿ ಬೆಳೆಯಿತು, ಅವರ ಆತಂಕವನ್ನು ಪರೀಕ್ಷಿಸಲಿಕ್ಕೂ ಅದೇ ಕೈದೀಪವಾಯಿತು.

ನಮ್ಮ ಪಾಲಿಗೆ ಏನಿದೆ?

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇದರಿಂದ ಮೂರು ಸಂಗತಿ ಸಿಗುತ್ತವೆ ಅನ್ನಿಸುತ್ತದೆ. ಮೊದಲನೆಯದು, ವ್ಯಾಕರಣ ಎಂದರೆ ಯಾರೋ ಕೊಟ್ಟ ತೀರ್ಪಲ್ಲ, ಜನ ನಡೆದು ನಡೆದು ಆದ ದಾರಿಯ ನಕ್ಷೆ. ನಕ್ಷೆ ನೋಡಿ ಹೆದರುವವರಿಲ್ಲ. ದಾರಿ ಗೊತ್ತಿಲ್ಲದಿದ್ದರೆ ನೋಡುತ್ತೇವೆ, ಮುಂದೆ ಹೋಗುತ್ತೇವೆ.

ಎರಡನೆಯದು, ನಿಯಮ ಕಂಠಪಾಠ ಮಾಡುವ ಮುನ್ನ ಕಿವಿ ತೆರೆಯಬೇಕು. ನಮ್ಮ ಕಾಲದ ಅದೃಷ್ಟ ದೊಡ್ಡದು. ಕ್ವರ್ಕ್ ಟೇಪ್ ತಿರುಗಿಸಿ ತಿರುಗಿಸಿ ಪಡೆದದ್ದು ನಮಗೆ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ಬ್ಯಾಚಿನ ಆರು ಮಂದಿ ಒಂದು ಪ್ರಯೋಗ ಮಾಡಿದೆವು. ದಿನಕ್ಕೆ ಹತ್ತು ನಿಮಿಷದ ಒಂದು ಸಂದರ್ಶನ ಅಥವಾ ತಾಂತ್ರಿಕ ಭಾಷಣ ಕೇಳುವುದು. ಅದರಲ್ಲಿ ಒಬ್ಬರು ಒಪ್ಪದಿರುವುದನ್ನು ಹೇಗೆ ಹೇಳುತ್ತಾರೆ, ಗೊತ್ತಿಲ್ಲದ್ದನ್ನು ಹೇಗೆ ಹೇಳುತ್ತಾರೆ, ಮಾತು ತಪ್ಪಿದಾಗ ಹೇಗೆ ಸರಿಪಡಿಸಿಕೊಳ್ಳುತ್ತಾರೆ ಎಂಬ ಮೂರನ್ನೇ ಚೀಟಿಯಲ್ಲಿ ಬರೆದಿಡುವುದು. ಒಂದು ತಿಂಗಳಿಗೆ ನಮ್ಮ ಹಳೆಯ ಶೂ ಡಬ್ಬ ತುಂಬಿತು. ಆ ಡಬ್ಬ ಕಲಿಸಿದ ಪಾಠ ಒಂದೇ: ಚೆನ್ನಾಗಿ ಮಾತಾಡುವವರೂ ತಡವರಿಸುತ್ತಾರೆ, ಅರ್ಧ ವಾಕ್ಯ ಬಿಟ್ಟು ಹೊಸದು ಶುರುಮಾಡುತ್ತಾರೆ. ಅವರು ನಿಲ್ಲಿಸುವುದಿಲ್ಲ, ಅಷ್ಟೇ. ಇದನ್ನು ಕಂಡ ಮೇಲೆ ನಮ್ಮ ಅಣಕು ಗ್ರೂಪ್ ಡಿಸ್ಕಷನ್‌ಗಳಲ್ಲಿ ಸುಮ್ಮನೆ ಕೂರುವವರು ಕಡಿಮೆಯಾದರು.

ಮೂರನೆಯದು, ಇಷ್ಟು ದಿನ ಇಂಗ್ಲಿಷಿಗಾಗಿ ಓದಿದ ನನಗೆ ಕನ್ನಡದ ಬಗ್ಗೆ ಹುಟ್ಟಿದ ಆಸೆ. ನಮ್ಮಲ್ಲೂ ಚೀಟಿ ಕೂಡಿಸಿದ ಹಿರಿಯರಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳ ಪ್ರಯೋಗಗಳನ್ನು ಒಂದೊಂದಾಗಿ ಆಯ್ದು ಕಟ್ಟಿದ್ದು. ಜಿ. ವೆಂಕಟಸುಬ್ಬಯ್ಯನವರಂಥವರು ಅದಕ್ಕೆ ದಶಕಗಳನ್ನೇ ಕೊಟ್ಟರು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಕನ್ನಡವೂ ಸೇರಿದಂತೆ ದೇಶದ ಭಾಷೆಗಳ ಕಾರ್ಪಸ್ ಕಟ್ಟುವ ಕೆಲಸ ಮಾಡಿದೆ. ಆದರೆ ಬರಹದಷ್ಟೇ ತೂಕವನ್ನು ಮಾತಿಗೂ ಕೊಟ್ಟ ಕ್ವರ್ಕ್ ಅವರ ಆ 'ಅರ್ಧಕ್ಕೆ ಅರ್ಧ' ಲೆಕ್ಕ ನನ್ನನ್ನು ಕಾಡುತ್ತದೆ. ಮೈಸೂರಿನ 'ಹೋಗೋಣ', ಧಾರವಾಡದ 'ಹೋಗೂಣು', ಕುಂದಾಪುರದ 'ಹ್ವಾಪ' ಮೂರೂ ಕಂಪ್ಯೂಟರಿಗೆ ಒಂದೇ ಎಂದು ತಿಳಿಯಬೇಕಾದರೆ, ಮೊದಲು ಯಾರಾದರೂ ಆ ಊರುಗಳ ಕಟ್ಟೆಯ ಮೇಲೆ ಕೂತು, ಕೇಳಿ, ಬರೆದುಕೊಳ್ಳಬೇಕು. ಕೃತಕ ಬುದ್ಧಿಮತ್ತೆ ಕಲಿಯುವುದು ನಾವು ಕೂಡಿಟ್ಟದ್ದರಿಂದ ಮಾತ್ರ.

ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಕ್ವರ್ಕ್ ಬಳಿ ಇದ್ದದ್ದು ಭಾರದ ಟೇಪ್ ರೆಕಾರ್ಡರ್ ಮತ್ತು ಕಾಗದ. ನಮ್ಮ ಜೇಬಿನಲ್ಲಿ ಅದಕ್ಕಿಂತ ಒಳ್ಳೆಯ ಮೈಕ್ ಇದೆ, ಮನೆಯಲ್ಲಿ ಮಾತಾಡಲು ಅಜ್ಜಿ ಇದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರು ಗುಟ್ಟಾಗಿಟ್ಟು, ಒಬ್ಬೊಬ್ಬರು ಐದೈದು ಸಾವಿರ ಪದ ಬರೆದುಕೊಂಡರೂ 200 ವಿದ್ಯಾರ್ಥಿಗಳಿಗೆ ಹತ್ತು ಲಕ್ಷ ಪದ ಆಗುತ್ತದೆ. ಒಂದು ಕಾಲೇಜಿನ ಒಂದು ವಿಭಾಗಕ್ಕೆ ಅದು ಅಸಾಧ್ಯದ ಸಂಖ್ಯೆಯೇನಲ್ಲ.